ನೀರು ಹುಯ್ದ ಮೇಲೂ ಎದ್ದು ಹೋಗದ ಹನುಮಂತಮ್ಮ

ಬೆಳಗಿನ ಐದೂವರೆ. ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನ ಒಂದು ಮನೆಯ ಬಚ್ಚಲಲ್ಲಿ ಹಿಪ್ಪುನೇರಳೆ ಕಡ್ಡಿಯ ಬೆಂಕಿ ಚಟಪಟ ಅನ್ನುತ್ತಿದೆ. ತಾಮ್ರದ ಹಂಡೆಯಿಂದ ಹಬೆ ಏಳುತ್ತಿದೆ. ಮಣೆಯ ಮೇಲೆ ಕಾಲು ನೀಡಿ ಕುಳಿತ ಹನುಮಂತಮ್ಮ ಮೊಣಕೈಯನ್ನು ಬಕೆಟ್ಟಿಗೆ ಅದ್ದಿ ನೀರಿನ ಹದ ನೋಡುತ್ತಾರೆ. 'ಇನ್ನೊಂದು ಚೊಂಬು ತಣ್ಣೀರು ಬುಡವ್ವ' ಎನ್ನುತ್ತಾರೆ. ಅವರ ಕಾಲುಗಳ ಮೇಲೆ ಬೋರಲು ಮಲಗಿರುವ ಹದಿನಾರು ದಿನದ ಕೂಸು ಮೊದಲ ಚೊಂಬಿಗೆ ಕಿರುಚುತ್ತದೆ, ಎರಡನೆಯದಕ್ಕೆ ಬಿಕ್ಕುತ್ತದೆ, ನಾಲ್ಕನೆಯದು ಬೀಳುವ ಹೊತ್ತಿಗೆ ಅದರ ಕಣ್ಣು ಎಳೆಯತೊಡಗುತ್ತದೆ.

ಕೂಸನ್ನು ಹಳೇ ಪಂಚೆಯಲ್ಲಿ ಸುತ್ತಿ ಕೊಟ್ಟಮೇಲೆ ತಾಯಿಯ ಸರದಿ. ಸೊಂಟಕ್ಕೆ, ಬೆನ್ನಿಗೆ, ಹೆಗಲಿಗೆ ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ತಲೆಗೆ ಬಟ್ಟೆ ಕಟ್ಟಿ ಒಳಗೆ ಕರೆದುಕೊಂಡು ಹೋಗಿ ಮಲಗಿಸುತ್ತಾರೆ. ಬಾಣಂತಿಗೆ ನೀರು ಹಾಕುವವರ ಕೆಲಸ ಇಲ್ಲಿಗೆ ಮುಗಿಯಬೇಕು. ಹನುಮಂತಮ್ಮ ಮಾತ್ರ ಒದ್ದೆ ಸೆರಗು ಹಿಂಡಿಕೊಂಡು ಮಂಚದ ಪಕ್ಕದಲ್ಲೇ ನೆಲದ ಮೇಲೆ ಕೂರುತ್ತಾರೆ.

'ನಿದ್ದೆ ಬಂತಾ ಮಗಾ?'

'ಕೂಸು ಎದ್ದಿತ್ತು ಅಜ್ಜಿ.'

'ಕೂಸಿನ ಮಾತಲ್ಲ ನಾ ಕೇಳಿದ್ದು. ಅದು ಮಲಗ್ದಾಗ ನಿಂಗೆ ಬಂತಾ?'

ಹುಡುಗಿ ನಗುತ್ತಾಳೆ. ಬಂತು ಎನ್ನುತ್ತಾಳೆ. ಹನುಮಂತಮ್ಮ ಅಷ್ಟಕ್ಕೇ ಏಳುವುದಿಲ್ಲ. ಊಟ ಸೇರುತ್ತದಾ, ಸುಮ್ಮಸುಮ್ಮನೆ ಅಳು ಬರುತ್ತದಾ, ಕೂಸನ್ನು ಎತ್ತಿಕೊಂಡರೆ ಏನನ್ನಿಸುತ್ತೆ ಎಂದು ಕೇಳುತ್ತಾ, ನಡುನಡುವೆ ಊರ ಸುದ್ದಿ ಹೇಳುತ್ತಾ ಇನ್ನೂ ಅರ್ಧ ಗಂಟೆ ಅಲ್ಲೇ ಇರುತ್ತಾರೆ. 'ನೀರು ಹುಯ್ಯದು ಇಪ್ಪತ್ತು ನಿಮಿಷದ ಕೆಲ್ಸ ಕಣವ್ವ. ಮಾತು ಬರಾಕೆ ಹೊತ್ತು ಬೇಕು' ಎಂಬುದು ಅವರ ಸಮಜಾಯಿಷಿ.

ಅವರಿಗೀಗ ಅರವತ್ತನಾಲ್ಕು. ದಿನಕ್ಕೆ ಮೂರು ಮನೆ, ಕೆಲವೊಮ್ಮೆ ನಾಲ್ಕು. ಒಂದೊಂದು ಮನೆಗೂ ಒಂದು ಹಂಡೆ ನೀರು, ಅಂದರೆ ಏಳೆಂಟು ಕೊಡ. ಮೂರು ತಿಂಗಳ ಬಾಣಂತನ ಮುಗಿಯುವವರೆಗೂ ಒಂದು ದಿನ ತಪ್ಪಿಸುವಂತಿಲ್ಲ. ನಲವತ್ತು ವರ್ಷದಲ್ಲಿ ಎಷ್ಟು ಬಾಣಂತಿಯರಿಗೆ ನೀರು ಹಾಕಿದ್ದೀರಿ ಎಂದರೆ 'ಎಣಿಸ್ನಿಲ್ಲ' ಎನ್ನುತ್ತಾರೆ. ಊರಿನ ಆರೋಗ್ಯ ಉಪಕೇಂದ್ರದ ನರ್ಸ್ ಜೈನಬ್ ಅವರ ಅಂದಾಜಿನಲ್ಲಿ ಐನೂರಕ್ಕೆ ಕಡಿಮೆ ಇಲ್ಲ. ಈ ಜೈನಬ್ ಹೇಳಿದ ಮೇಲೆಯೇ ಹನುಮಂತಮ್ಮ ಕೂಸಿನ ಕಿವಿಗೆ ಎಣ್ಣೆ ಬಿಡುವುದನ್ನು ನಿಲ್ಲಿಸಿದ್ದು, ಬಾಣಂತಿಗೆ ಕುಡಿಯಲು ಬೇಕಾದಷ್ಟು ನೀರು ಕೊಡಿ ಎಂದು ಮನೆಯವರ ಹತ್ತಿರ ಜಗಳಕ್ಕೆ ನಿಲ್ಲತೊಡಗಿದ್ದು. ಆದರೆ ಮಂಚದ ಪಕ್ಕ ಕೂರುವುದನ್ನು ಅವರಿಗೆ ಕಲಿಸಿದ್ದು ಬೇರೆಯವರು.

ಅದು ನಲವತ್ತನಾಲ್ಕು ವರ್ಷದ ಹಿಂದಿನ ಮಾತು. ಅಕ್ಕೂರಿನ ಹುಡುಗಿ ಹನುಮಂತಮ್ಮ ಮಾಗಡಿ ಕಡೆಯ ಕಲ್ಯಕ್ಕೆ ಸೊಸೆಯಾಗಿ ಹೋಗಿ ಎರಡು ವರ್ಷವಾಗಿತ್ತು. ಚೊಚ್ಚಲ ಹೆಣ್ಣು ಕೂಸು, ಬಾಣಂತನವೂ ಅಲ್ಲೇ. ಹತ್ತು ದಿನ ಕಳೆಯುತ್ತಿದ್ದಂತೆ ಅವರಿಗೆ ನಿದ್ದೆ ಹಾರಿಹೋಯಿತು. ಕೂಸಿನ ಅಳು ದೂರದ ಯಾರದೋ ಮನೆಯಿಂದ ಕೇಳಿದ ಹಾಗೆ ಅನ್ನಿಸತೊಡಗಿತು. ಒಂದು ಮಧ್ಯಾಹ್ನ ಕೂಸನ್ನು ತೋಟದ ಬಾವಿಯ ಕಟ್ಟೆಯ ಮೇಲೆ ಮಲಗಿಸಿ, ಪಕ್ಕದಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದರು. ಹುಲ್ಲು ಕೊಯ್ಯಲು ಬಂದಿದ್ದ ಓರಗಿತ್ತಿ ನೋಡಿ ಇಬ್ಬರನ್ನೂ ಎಳೆದು ತಂದಳು.

'ಬಾಣಂತಿ ಸನ್ನಿ ಅಂದ್ರು. ಗಾಳಿ ಅಂದ್ರು. ಕಂಬಕ್ಕೆ ಕಟ್ಟಿ ಬೇವಿನ ಬರಲಲ್ಲಿ ಹೊಡುದ್ರು. ಹೊಡ್ತ ಗೆಪ್ತಿ ಇಲ್ಲ ನಂಗೆ. ಕೂಸ್ನ ಕಿತ್ಕೊಂಡ್ರಲ್ಲ, ಅದು ಗೆಪ್ತಿ ಐತೆ' ಎನ್ನುವಾಗ ಅವರ ದನಿ ಏರುವುದಿಲ್ಲ.

ಎಲ್ಲರೂ ದೂರ ಸರಿದಾಗ ಬಾಗಿಲು ದಾಟಿ ಒಳಗೆ ಬಂದವಳು ಮುನಿಯಮ್ಮ ಒಬ್ಬಳೇ, ಕಲ್ಯದಲ್ಲಿ ಬಾಣಂತಿಯರಿಗೆ ನೀರು ಹಾಕುತ್ತಿದ್ದ ಮುದುಕಿ. ದಿನಾ ನೀರು ಹುಯ್ದು ಪಕ್ಕದಲ್ಲಿ ಕೂರುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ತನ್ನ ಸೊಪ್ಪು ಸೋಸಿಕೊಳ್ಳುತ್ತಿದ್ದಳು. 'ತಿಂಗಳು ಹಂಗೇ ಕುಂತಿದ್ಲು. ಒಂದಿನ ನಾನೇ ಬಾಯಿಬುಟ್ಟೆ. ನಂಗೆ ಕೂಸು ಬ್ಯಾಡ ಅನ್ನುಸ್ತದೆ ಅಂದೆ. ಬಯ್ತಾಳೆ ಅನ್ಕೊಂಡಿದ್ದೆ. ಇದು ಕಾಯಿಲೆ ಕಣವ್ವ, ನಿನ್ನ ಗುಣ ಅಲ್ಲ ಅಂದ್ಲು.' ಹನುಮಂತಮ್ಮ ಆವತ್ತು ಸಂಜೆ ಹೊಟ್ಟೆ ತುಂಬ ಉಂಡರಂತೆ.

ವಾಸಿಯಾಗಲು ಐದಾರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಕೂಸು ಓರಗಿತ್ತಿಯ ಮಡಿಲಿಗೆ ಒಗ್ಗಿಹೋಗಿತ್ತು, ಗಂಡ ಇನ್ನೊಂದು ಮದುವೆಯ ಮಾತು ಎತ್ತಿದ್ದ. ಮೂರು ವರ್ಷ ಮುನಿಯಮ್ಮನ ಹಿಂದೆ ಓಡಾಡಿ ಕೆಲಸ ಕಲಿತ ಹನುಮಂತಮ್ಮ ಕಡೆಗೆ ಅಕ್ಕೂರಿನ ಅಣ್ಣನ ಮನೆ ಸೇರಿದರು. ಸವತಿ ಬಂದಳೆಂದು ವಾಪಸಾದಳು ಎಂದಷ್ಟೇ ಊರು ತಿಳಿಯಿತು. ಅಣ್ಣನೂ ಹೆಚ್ಚಿಗೆ ಬಾಯಿ ಬಿಡಲಿಲ್ಲ. ಕಲ್ಯದಲ್ಲಿ ಬೆಳೆದ ಮಗಳಿಗೆ ಈಗ ಮದುವೆಗೆ ಬಂದ ಮಕ್ಕಳಿದ್ದಾರೆ. ಇವರನ್ನು ಚಿಕ್ಕವ್ವ ಎಂದು ಕರೆಯುತ್ತಾಳೆ. 'ಸಾಕಿದೋಳೇ ಅವ್ವ. ನಂಗೇನೂ ಬೇಜಾರಿಲ್ಲ' ಎಂದ ಹನುಮಂತಮ್ಮ, ತಾವೇ ತಿದ್ದಿಕೊಂಡು, 'ಇಲ್ಲ ಅಂದ್ರೆ ಸುಳ್ಳಾಯ್ತದೆ. ಒಸಿ ಐತೆ' ಎನ್ನುತ್ತಾರೆ.

ಮೂವತ್ತಾರು ವರ್ಷ ಈ ಕತೆಯನ್ನು ಅವರು ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಬೇಕಾಗಿ ಬಂದದ್ದು ನಾಲ್ಕು ವರ್ಷದ ಹಿಂದೆ.

ಆ ವರ್ಷ ಅದೇ ಊರಿನ ಸರಸಮ್ಮ ಎಂಬುವರ ಸೊಸೆ ಗಂಗಲಕ್ಷ್ಮಿಗೆ ಗಂಡು ಮಗುವಾಗಿತ್ತು. ಸಾವನದುರ್ಗದ ಕಡೆಯ ಹುಡುಗಿ, ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದವಳು. ತಾಯಿ ತೀರಿಕೊಂಡಿದ್ದರಿಂದ ಬಾಣಂತನ ಗಂಡನ ಮನೆಯಲ್ಲೇ ನಡೆದಿತ್ತು. ಮನೆ ತುಂಬ ರೇಷ್ಮೆ ಹುಳು. ನಾಲ್ಕನೇ ಜ್ವರ ಎದ್ದ, ಅಂದರೆ ಕಡೆಯ ಸಲ ಪೊರೆ ಕಳಚಿದ ಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕದಿದ್ದರೆ ಇಡೀ ಬೆಳೆ ಹೋಗುತ್ತದೆ. ಮೈಲಿಗೆ ಎಂದು ಬಾಣಂತಿ ಹುಳುಮನೆಯ ಕಡೆ ಸುಳಿಯುವಂತಿಲ್ಲ, ಮನೆಮಂದಿಗೆಲ್ಲ ಹುಳುಮನೆ ಬಿಟ್ಟು ಬರಲು ಪುರುಸೊತ್ತಿಲ್ಲ. ಗಂಗಲಕ್ಷ್ಮಿ ಕೋಣೆಯಲ್ಲಿ ಒಬ್ಬಳೇ.

ಹನ್ನೆರಡನೇ ದಿನ ನೀರು ಹುಯ್ಯುವಾಗ ಅವಳು ಕೂಸಿನ ಕಡೆ ತಿರುಗಿಯೂ ನೋಡದ್ದನ್ನು ಹನುಮಂತಮ್ಮ ಗಮನಿಸಿದರು. ಹದಿನಾಲ್ಕನೇ ದಿನ ಅವಳೇ ಕೈ ಹಿಡಿದುಕೊಂಡಳು. 'ಅಜ್ಜಿ, ಇವನನ್ನ ನಿಮ್ಮನೆಗೆ ಕರ್ಕೊಂಡು ಹೋಗ್ಬಿಡಿ. ನನ್ನ ಹತ್ರ ಇದ್ರೆ ಉಳಿಯಲ್ಲ.'

ಹನುಮಂತಮ್ಮ ಕೂಸನ್ನು ಎತ್ತಿಕೊಂಡೇ ಹುಳುಮನೆಯ ಬಾಗಿಲಿಗೆ ಹೋಗಿ ಸರಸಮ್ಮನನ್ನು ಕರೆದರು. ಆಸ್ಪತ್ರೆಗೆ ತೋರಿಸಬೇಕು, ಇವತ್ತೇ ಎಂದರು. ಸರಸಮ್ಮ ಸಿಡಿದರು: 'ಮೈಗಳ್ಳಿಗೆ ನೀನೊಬ್ಳು ಒತ್ತಾಸೆ. ಹುಚ್ಚು ಅಂತ ಹೆಸ್ರು ಬಂದ್ರೆ ನಾಳಿಕ್ಕೆ ನನ್ ಮಗಳ್ನ ಯಾರು ಮಾಡ್ಕೋತಾರೆ? ನಾಳೆಯಿಂದ ನೀರು ಹಾಕಕ್ಕೆ ಬರಬ್ಯಾಡ ನೀನು.'

ಕೂಸನ್ನು ಸರಸಮ್ಮನ ಕೈಗೇ ಕೊಟ್ಟು, 'ಇದ್ನ ಅವಳ್ ಒಬ್ಳ ಹತ್ರ ಬುಡಬ್ಯಾಡ, ನಿನ್ ಕಾಲಿಗೆ ಬೀಳ್ತೀನಿ' ಎಂದು ಹೇಳಿ ಹನುಮಂತಮ್ಮ ಮನೆಗೆ ಹೋದರು. ಮಾರನೇ ಬೆಳಿಗ್ಗೆ ಅದೇ ಹೊತ್ತಿಗೆ ಬಂದು ಸರಸಮ್ಮನ ಜಗಲಿಯ ಮೇಲೆ ಕುಳಿತರು. ಡೇರಿಗೆ ಹಾಲು ಹಾಕಲು ಹೊರಟವರೆಲ್ಲ ನಿಂತು ನೋಡಿದರು. ಸರಸಮ್ಮ ಹೊರಗೆ ಬಂದು ಏನು ನಾಟಕ ಇದು ಎಂದಾಗ, ಹನುಮಂತಮ್ಮ ಅಷ್ಟೂ ಜನರ ಮುಂದೆ ಬಾಯಿ ತೆರೆದರು.

'ನಂಗೂ ಆಗಿತ್ತು ಸರಸಿ. ಕೂಸ್ನ ಬಾವಿಕಟ್ಟೆ ಮ್ಯಾಲೆ ಮಲಗ್ಸಿ ಕುಂತಿದ್ದೆ. ಇನ್ನೊಂದು ಗಳಿಗೆ ಆಗಿದ್ರೆ ಇಬ್ರೂ ಇರ್ತಿರ್ನಿಲ್ಲ. ಇವತ್ತು ನನ್ನ ಮಗ್ಳು ನಂಗೆ ಚಿಕ್ಕವ್ವ ಅಂತಾಳೆ. ನಿನ್ನ ಮೊಮ್ಮಗನಿಗೆ ಅವ್ವ ಇರ್ಲಿ.'

ಸರಸಮ್ಮ ಸೊಪ್ಪಿನ ಕಲೆಯ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ನಿಂತೇ ಇದ್ದರು. ಆಮೇಲೆ, 'ಈಗೇನ್ ಮಾಡ್ಬೇಕು ಹೇಳು' ಎಂದರು.

ಸುದ್ದಿ ತಿಳಿದು ಜೈನಬ್ ಸ್ಕೂಟರಿನಲ್ಲಿ ಬಂದರು. ಅವರು ಫೋನ್ ಮಾಡಿ ಗೊತ್ತುಮಾಡಿದ ಮೇಲೆ ಅವತ್ತೇ ಅತ್ತೆ, ಸೊಸೆ, ಕೂಸು, ಹನುಮಂತಮ್ಮ ನಾಲ್ವರೂ ರಾಮನಗರದ ಆಸ್ಪತ್ರೆಗೆ ಹೋದರು. ಹೆರಿಗೆಯ ನಂತರ ಕೆಲವರಿಗೆ ಹೀಗಾಗುತ್ತದೆ, ಮದ್ದಿದೆ, ಆದರೆ ಒಬ್ಬಳನ್ನೇ ಬಿಡಬೇಡಿ ಎಂದರು ಡಾಕ್ಟರು. ಅಕ್ಕಪಕ್ಕದ ಹೆಂಗಸರು ಸರಸಮ್ಮನ ಹುಳುವಿಗೆ ಸೊಪ್ಪು ಹಾಕಿದರು. ಸರಸಮ್ಮ ತಮ್ಮ ಚಾಪೆಯನ್ನು ಸೊಸೆಯ ಕೋಣೆಗೆ ತಂದುಕೊಂಡರು. ಹನುಮಂತಮ್ಮ ದಿನಕ್ಕೆ ಎರಡು ಸಲ ಹೋಗಿ ಕೂತರು. ಮೂರನೇ ವಾರಕ್ಕೆ ಗಂಗಲಕ್ಷ್ಮಿಗೆ ಸರಿಯಾಗಿ ನಿದ್ದೆ ಬಂತು. ಎರಡನೇ ತಿಂಗಳಲ್ಲಿ ಒಂದು ಬೆಳಿಗ್ಗೆ, ಕೂಸು ಮುಖ ಪರಚಿಕೊಂಡಿದೆ ಎಂದು ತಾನೇ ಅದರ ಉಗುರು ಕತ್ತರಿಸುತ್ತಾ ಕುಳಿತಿದ್ದಳು. 'ಅದ್ನ ನೋಡಿ ಬಚ್ಚಲಿಗೆ ಹೋಗಿ ಅತ್ತುಬುಟ್ಟೆ' ಎನ್ನುತ್ತಾರೆ ಹನುಮಂತಮ್ಮ.

ಆದರೆ ಜಗಲಿಯ ಮಾತು ಊರೆಲ್ಲ ಹರಡಿತ್ತು. ಸನ್ನಿ ಹಿಡಿದಿದ್ದವಳ ಕೈಲಿ ನಮ್ಮ ಕೂಸಿಗೆ ನೀರು ಹಾಕಿಸಬೇಕಾ ಎಂದು ಒಂದೊಂದೇ ಮನೆಯವರು ಬೇಡ ಅಂದರು. ಹೆಚ್ಚುಕಡಿಮೆ ಒಂದು ವರ್ಷ ಹನುಮಂತಮ್ಮನಿಗೆ ಕೆಲಸವಿರಲಿಲ್ಲ. ಕೂಲಿಗೆ ಸೊಪ್ಪು ಕೊಯ್ಯಲು ಹೋದರು. 'ಬೆಳಗ್ಗೆ ಐದಕ್ಕೇ ಎಚ್ಚರ ಆಯ್ತಿತ್ತು. ಎಲ್ಲಿಗೆ ಹೋಗದು? ಸುಮ್ನೆ ಕುಂತಿರ್ತಿದ್ದೆ.' ಹೇಳಿದ್ದಕ್ಕೆ ಪಶ್ಚಾತ್ತಾಪವಾಗಲಿಲ್ಲವೇ? 'ಆಯ್ತು. ಆ ಕೂಸು ಬೀದೀಲಿ ಅಂಬೆಗಾಲಿಕ್ಕದು ಕಾಣ್ತಿತ್ತು. ಹೊಂಟೋಯ್ತಿತ್ತು ಪಶ್ಚಾತ್ತಾಪ.'

ಊರಿನ ಮನಸ್ಸು ತಿರುಗಿಸಿದವರು ಸರಸಮ್ಮನೇ. ಮಗಳ ಸಂಬಂಧ ತಪ್ಪೀತು ಎಂದು ಹೆದರಿದ್ದ ಅದೇ ಹೆಂಗಸು, ಬಾಣಂತಿ ಇದ್ದ ಮನೆಗಳಿಗೆ ತಾವಾಗಿ ಹೋಗಿ, 'ನನ್ ಸೊಸೆ ಇವತ್ತು ಓಡಾಡ್ಕೊಂಡಿರದು ಅವಳಿಂದ. ನೀವು ಅವಳ್ನೇ ಕರೀರಿ' ಎಂದು ಹೇಳಿಬಂದರು. ಮೊದಲು ಒಂದು ಮನೆ, ಆಮೇಲೆ ಎರಡು. ಮಗಳ ಮದುವೆಯೂ ಚನ್ನಪಟ್ಟಣದಲ್ಲಿ ಚೆನ್ನಾಗಿಯೇ ಆಯಿತು.

ಇಂದು ಗುರುವಾರ, ಉಪಕೇಂದ್ರದಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ದಿನ. ಬೆಳಗಿನ ಮೂರು ಮನೆ ಮುಗಿಸಿದ ಹನುಮಂತಮ್ಮ ಹೊರಗಿನ ಬೆಂಚಿನ ತುದಿಯಲ್ಲಿ ಕೂತು ಮೊಣಕೈ ನೀವಿಕೊಳ್ಳುತ್ತಿದ್ದಾರೆ. ಹಂಡೆಯಿಂದ ನೀರೆತ್ತಿ ಎತ್ತಿ ಕೀಲು ಸವೆದಿದೆ. ನಿಮಗೇನು ಆಸೆ ಎಂದರೆ, 'ನೀರು ಹುಯ್ಯಕ್ಕೆ ಯಾರಾರ ಸಿಕ್ತಾರೆ ಬುಡಿ. ಕುಂತ್ಕೊಂಡು ಕೇಳೋರು ಊರಿಗೆ ಇಬ್ರು ಆದ್ರೆ ಸಾಕು' ಎನ್ನುತ್ತಾರೆ.

ಬೆಂಚಿನ ಆ ತುದಿಯಲ್ಲಿ ಹೊಸ ಬಾಣಂತಿಯೊಬ್ಬಳು ತಲೆ ಬಗ್ಗಿಸಿ ಕುಳಿತಿದ್ದಾಳೆ. ಪಕ್ಕದಲ್ಲಿ ಗಂಗಲಕ್ಷ್ಮಿ. ವರಾಂಡದಲ್ಲಿ ಹೆಂಗಸರು ತುಂಬಿರುವಾಗಲೇ, ದನಿ ತಗ್ಗಿಸದೆ, 'ನನಗೂ ಹೀಗೇ ಆಗಿತ್ತು ಕಣೆ. ಆಸ್ಪತ್ರೆಗೆ ಹೋದೆ, ಮಾತ್ರೆ ತಗೊಂಡೆ. ಬೇಕಾದ್ರೆ ಮುಂದಿನ ವಾರ ನಿನ್ನ ಜೊತೆ ನಾನೂ ಬರ್ತೀನಿ' ಎನ್ನುತ್ತಿದ್ದಾಳೆ.

ಹನುಮಂತಮ್ಮ ಮೊಣಕೈ ನೀವುವುದನ್ನು ನಿಲ್ಲಿಸಿ ಆ ಕಡೆ ನೋಡುತ್ತಾರೆ.

'ಕೇಳುಸ್ತಾ? ಎಷ್ಟು ಗಟ್ಟಿಯಾಗಿ ಹೇಳ್ತಾವ್ಳೆ ನೋಡಿ' ಎನ್ನುತ್ತಾರೆ.