ಕರಿಕಮರಿಯ ನಾಲ್ಕನೆಯ ಪರದೆ

ಬೆಳಿಗ್ಗೆ ಏಳಕ್ಕೆ ಕೋಣೆಯ ಬಾಗಿಲು ತೆರೆದ ಕೂಡಲೇ ಎವಾಂಥಿಯಾ ಶಿಲುಬೆಯ ಗುರುತು ಹಾಕಿಕೊಂಡು, ನಾಲ್ಕೂ ಕಂಪ್ಯೂಟರ್ ಪರದೆಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಒರೆಸುವಾಗ ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಿದ್ದಳು: ಎಲಿಯಾಸನ ನೆತ್ತಿ, ಪೈನ್ ಇಳಿಜಾರು, ಮಠದ ಏಣು, ಕರಿಕಮರಿ. ಜ್ವರ ಬಂದ ದಿನವೂ ಇದನ್ನು ತಪ್ಪಿಸಿದವಳಲ್ಲ. ಆಮೇಲೆಯೇ ಕಾಫಿ.

ಪುರಸಭೆಯ ಹಿಂಬದಿಯ ಆ ಕೋಣೆ ಬೇಸಿಗೆಯ ನಾಲ್ಕು ತಿಂಗಳು ಅವಳದು. ಬೆಟ್ಟಗಳ ಮೇಲೆ ನೆಟ್ಟ ನಾಲ್ಕು ಕ್ಯಾಮೆರಾಗಳು ಕಳಿಸುವ ಚಿತ್ರಗಳನ್ನು ನೋಡುತ್ತ ಕೂರಬೇಕು. ಹೊಗೆ ಕಂಡರೆ ಅಗ್ನಿಶಾಮಕದವರಿಗೆ ಫೋನು ಮಾಡಿ ಚರ್ಚಿನ ಗಂಟೆ ಹೊಡೆಸಬೇಕು.

ಪರದೆಗಳನ್ನು ಜೋಡಿಸಿದವಳೂ ಅವಳೇ. ಇಪ್ಪತ್ತು ವರ್ಷ ಶಾಲೆಯಲ್ಲಿ ಗುಮಾಸ್ತೆಯಾಗಿದ್ದವಳು, ಶಾಲೆ ಮುಚ್ಚಿದಾಗ ಅಲ್ಲಿನ ಹಳೆಯ ಕಂಪ್ಯೂಟರನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದಳು. ಅದಕ್ಕೆ ಸ್ವಂತವಾಗಿ ಇದ್ದದ್ದು ಪರದೆಯ ತಂತಿ ಸಿಕ್ಕಿಸುವ ಒಂದೇ ಕಿಂಡಿ. ಮೂರು ಕಿಂಡಿಗಳ ಗ್ರಾಫಿಕ್ಸ್ ಕಾರ್ಡೊಂದನ್ನು ಯಾರೋ ದಾನ ಕೊಟ್ಟರು. ಕಾರ್ಡು ಸಿಕ್ಕಿಸಿದ ಕೂಡಲೇ ಯಂತ್ರ ತನ್ನ ಸ್ವಂತ ಕಿಂಡಿಯನ್ನು ಮಲಗಿಸಿಬಿಟ್ಟಿತು, ಹೊಸಬರು ಬಂದರೆ ಹಳಬರು ಮೂಲೆ ಸೇರುವ ಹಾಗೆ. ಎರಡು ದಿನ ಒದ್ದಾಡಿ, ಯಂತ್ರ ಏಳುವ ಹೊತ್ತಿಗೆ ತೋರುವ ನೀಲಿ ಪುಟದೊಳಕ್ಕೆ ಹೋಗಿ, ಎರಡೂ ಎಚ್ಚರವಿರಲಿ ಅನ್ನುವ ಸಾಲನ್ನು ಹುಡುಕಿ ಒತ್ತಿದಳು. ನಾಲ್ಕನೆಯದೂ ಬೆಳಗಿತು.

ಅದು ಎಲ್ಲಕ್ಕಿಂತ ಮಂಕು ಪರದೆ. ಯಾವ ಬೆಟ್ಟಕ್ಕೆ ಕೊಡುವುದು? ಕರಿಕಮರಿ ಊರಿಗೆ ಮರೆಯಾದ ಜಾಗ. ಕಲ್ಲು, ಮುಳ್ಳುಪೊದೆ, ಸರಾಂದಿಸನ ಜೇನುಪೆಟ್ಟಿಗೆ ಬಿಟ್ಟರೆ ಅಲ್ಲಿ ಏನಿಲ್ಲ. ಅದಕ್ಕೇ ಕೊಟ್ಟಳು.

ಸರಾಂದಿಸ್ ಎಪ್ಪತ್ತು ದಾಟಿದ ಮುದುಕ. ಜೇನು ಮಾರಲು ಬಂದಾಗಲೆಲ್ಲ ಅವಳ ಕಿಟಕಿಯಲ್ಲಿ ತಲೆ ತೂರಿಸುತ್ತಿದ್ದ.

"ಏನವ್ವಾ, ಮಠದೋರಿಗೆ ಬಣ್ಣಬಣ್ಣದ್ದು, ನನ್ಗೆ ಮಾತ್ರ ಮಾಸಲು ಪರದೆನಾ?"

"ನಿನ್ನ ಮುಖ ಕಾಣ್ಸೋಕೆ ಅಷ್ಟು ಸಾಕು ಬಿಡೋ ಮಾರಾಯ."

"ಹಂಗಾದ್ರೆ ನೋಡ್ತಾ ಇರು. ನಾನು ಪೊದೆ ಹಿಂದೆ ಕೂತಾಗ ಮಾತ್ರ ಆಕಡೆ ತಿರುಗ್ಬಿಡು!"

ಒಂದು ಕೊರತೆ ಉಳಿದಿತ್ತು. ಯಂತ್ರದ ಒಡಲಲ್ಲಿ ನೆನಪಿಗೆಂದು ಇರುವ ಅಂಗಿಗುಂಡಿಯಷ್ಟು ಬ್ಯಾಟರಿ ಸತ್ತುಹೋಗಿತ್ತು. ಕರೆಂಟು ಹೋದಾಗಲೆಲ್ಲ ಅವಳು ಒತ್ತಿದ ಸಾಲು ಮರೆತುಹೋಗಿ ನಾಲ್ಕನೆಯದು ಕಪ್ಪಾಗುತ್ತಿತ್ತು. ಮತ್ತೆ ನೀಲಿ ಪುಟಕ್ಕೆ ಹೋಗಬೇಕೆಂದರೆ ಎಲ್ಲವನ್ನೂ ಆರಿಸಬೇಕು. ಆ ಮುದಿ ಯಂತ್ರ ಎದ್ದು ನಾಲ್ಕು ಬೆಟ್ಟಗಳನ್ನೂ ಎಳೆದು ತರಲು ಹತ್ತು ನಿಮಿಷ. ಹೊಸ ಬ್ಯಾಟರಿಗೆ ಜಿಲ್ಲೆಯ ಪೇಟೆಗೆ ಹೋಗಬೇಕಿತ್ತು. ಬಸ್ಸು ಇತ್ತು. ನಾಳೆ, ನಾಡಿದ್ದು ಅನ್ನುತ್ತ ಜುಲೈ ಕಳೆಯಿತು.

ಆಗಸ್ಟ್ ಹನ್ನೊಂದು. ದೇವಮಾತೆಯ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು. ಬಡಗಣ ಗಾಳಿ ಕಿಟಕಿ ಬಡಿಯುತ್ತಿರುವಾಗ, ಮಧ್ಯಾಹ್ನ ಹನ್ನೆರಡಕ್ಕೆ, ಕರೆಂಟು ಹೋಗಿ ಬಂತು. ಮೂರು ಬೆಟ್ಟ ಬೆಳಗಿದವು. ಕರಿಕಮರಿ ಕಪ್ಪು. ಅವಳು ಪುರಸಭೆಯ ಅಧ್ಯಕ್ಷ ವ್ರೆಟೊಸನಿಗೆ ಫೋನು ಮಾಡಿದಳು.

"ಯಜಮಾನ್ರೆ, ನಾಲ್ಕನೇದು ಮಲಗಿದೆ. ಎಬ್ಬಿಸ್ಬೇಕಂದ್ರೆ ಹತ್ತು ನಿಮಿಷ ಎಲ್ಲಾ ಆರಿಸ್ಬೇಕು."

"ಈ ಗಾಳೀಲಾ? ತಲೆ ಕೆಟ್ಟಿದೆಯಾ ನಿನ್ಗೆ? ಮಠದ ಹತ್ರ ನೂರಾರು ಜನ ಹಬ್ಬಕ್ಕೆ ಬಿಡಾರ ಹಾಕವ್ರೆ. ಕಮರೀಲಿ ಏನು, ಕಲ್ಲು ಉರಿಯುತ್ತಾ? ಗಾಳಿ ನಿಲ್ಲಲಿ, ಆಮೇಲೆ ಎಬ್ಬಿಸು."

ಗಾಳಿ ನಿಲ್ಲಲಿಲ್ಲ. ಅವಳಿಗೆ ಇನ್ನೊಂದು ದಾರಿ ತಿಳಿದಿತ್ತು. ಏನನ್ನೂ ಆರಿಸದೆ, ಮಠದ ಚಿತ್ರವನ್ನು ಕುಗ್ಗಿಸಿ, ಕರಿಕಮರಿಯನ್ನೂ ಅದೇ ಪರದೆಯೊಳಕ್ಕೆ ಎಳೆದು ಪಕ್ಕದಲ್ಲಿ ಇಡಬಹುದಿತ್ತು. ಎರಡು ಬೆರಳಿನ ಕೆಲಸ. ಮೌಸಿನ ಮೇಲೆ ಕೈಯಿಟ್ಟಳು ಕೂಡ. ಮಠ ಚಿಕ್ಕದಾಗುತ್ತದಲ್ಲ, ಯಜಮಾನರೂ ಬಿಡು ಅಂದರಲ್ಲ ಎಂದುಕೊಂಡು ಕೈ ತೆಗೆದಳು. ಬ್ರೆಡ್ಡು, ಆಲಿವ್ ಕಾಯಿ ತಿಂದಳು. ಒಂದೂವರೆ ಗಂಟೆ ಕಾಲ ಮೂರು ಪರದೆಗಳನ್ನೇ ನೋಡುತ್ತ ಕೂತಳು.

ಹೊಗೆ ಅವಳಿಗೆ ಕಂಡದ್ದು ಕಿಟಕಿಯಲ್ಲಿ. ಅಷ್ಟು ಹೊತ್ತಿಗೆ ಕಮರಿಯಿಂದ ಹೊರಬರುವ ದಾರಿಯೇ ಉರಿಯುತ್ತಿತ್ತು. ಸಂಜೆ ಸರಾಂದಿಸ್ ಜೇನುಪೆಟ್ಟಿಗೆಗಳ ನಡುವೆ ಸಿಕ್ಕಿದ. ಪಕ್ಕದಲ್ಲಿ ನೀರಿನ ತಗಡಿನ ಡಬ್ಬಿ ಬಿದ್ದಿತ್ತು.

ಅವನ ಮಣ್ಣು ಮುಗಿದ ಮರುದಿನವೇ ಎವಾಂಥಿಯಾ ಬಸ್ಸು ಹತ್ತಿ ಬ್ಯಾಟರಿ ತಂದು ಹಾಕಿದಳು. ಕಮರಿಯನ್ನು ನೋಡುವ ಎದುರು ದಿಣ್ಣೆಯ ಕ್ಯಾಮೆರಾ ಬೆಂಕಿಗೆ ಸಿಗದೆ ಉಳಿದಿತ್ತು. ಈಗ ನಾಲ್ಕನೆಯದು ಆರುವುದೇ ಇಲ್ಲ, ದಿನವಿಡೀ ಬೂದಿಯನ್ನು ತೋರಿಸುತ್ತದೆ.

ಸಾವಿನ ಒಂಬತ್ತನೆಯ ದಿನದ ಪ್ರಾರ್ಥನೆ ಮುಗಿದ ಮೇಲೆ, ಬೇಯಿಸಿದ ಗೋಧಿಯ ಪ್ರಸಾದವನ್ನು ಅವಳ ಕೈಗೆ ಹಾಕುತ್ತ ಸರಾಂದಿಸನ ಹೆಂಡತಿ ಪೊಲಿಕ್ಸೆನಿ ಕೇಳಿದಳು:

"ಮಿಷೀನು ಸುಟ್ಟುಹೋಗಿತ್ತಂತೆ, ಹೌದೇನೆ? ಹೌದು ಅನ್ನು, ದೇವ್ರಿಗೆ ಬಿಟ್ಟು ಸುಮ್ನಾಗ್ತೀನಿ."

ಎವಾಂಥಿಯಾ ಗೋಧಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮನೆಗೆ ನಡೆದಳು.

ಮರುದಿನ ಬೆಳಿಗ್ಗೆ ಅವಳು ನಾಲ್ಕನೆಯ ಪರದೆ ಒರೆಸಿ ಹೆಸರು ಕರೆಯುವಷ್ಟರಲ್ಲಿ ವ್ರೆಟೊಸ್ ಒಳಗೆ ಬಂದ. ಕೈಯಲ್ಲಿ ಒಂದು ಕಾಗದ.

"ರಿಪೇರಿಯವನೊಬ್ಬ ಬರ್ಕೊಟ್ಟಿದ್ದಾನೆ, ಕಾರ್ಡು ಸುಟ್ಟಿತ್ತು, ಪರದೆ ಹತ್ತೋ ಹಾಗೇ ಇರ್ಲಿಲ್ಲ ಅಂತ. ಕೆಳಗೆ ನಿಂದೊಂದು ಸಹಿ ಹಾಕ್ಬಿಡು ತಾಯಿ. ವಿಚಾರಣೆ ಅಲ್ಲಿಗೇ ನಿಲ್ಲುತ್ತೆ. ನಿನ್ನ ಮೇಲೂ ಬರಲ್ಲ, ನನ್ನ ಮೇಲೂ ಬರಲ್ಲ."

"ಕಾರ್ಡು ಚೆನ್ನಾಗೇ ಇದೆ ಯಜಮಾನ್ರೆ, ನಾಲ್ಕನೇದು ಅದಕ್ಕೆ ಸೇರಿದ್ದೂ ಅಲ್ಲ. ಕೇಳಿ, ಅದರ ಫ್ಯಾನು ತಿರುಗ್ತಿದೆ."

"ಯಾರು ಬಂದು ಕೇಳ್ತಾರೆ ಅದನ್ನ? ನಿನ್ನ ಒಳ್ಳೇದಕ್ಕೆ ಹೇಳ್ತಿದೀನಿ. ಈ ವಯಸ್ಸಲ್ಲಿ ಜೈಲು ನೋಡ್ತೀಯಾ?"

ಅವಳು ಒದ್ದೆ ಬಟ್ಟೆಯನ್ನು ಮಡಿಸಿ ಮೇಜಿನ ಮೇಲಿಟ್ಟಳು. ಅವನು ಚಾಚಿದ ಕಾಗದವನ್ನು ತೆಗೆದುಕೊಂಡು, ಓದದೆ ಅವನ ಕೈಗೇ ಮರಳಿ ಕೊಟ್ಟಳು.

"ಬೇಡ ಯಜಮಾನ್ರೆ. ಪೊಲಿಕ್ಸೆನಿ ನನ್ನನ್ನ ಒಂದು ಪ್ರಶ್ನೆ ಕೇಳಿದಾಳೆ. ಅವಳಿಗೆ ಮೊದ್ಲು ಇದ್ದದ್ದನ್ನ ಹೇಳ್ಬಿಟ್ಟು ಬರ್ತೀನಿ."