ಹಿಂದಿನ ಓಣಿಗೆ ಏಳು ಕೈ
ಪೀಂ ಎಂದು ಕಂಡಕ್ಟರನ ಸೀಟಿ ಕೇಳಿದರೆ ಸಾಕು, ಲಕ್ಷ್ಮೇಶ್ವರ ಬಸ್‌ಸ್ಟ್ಯಾಂಡಿನ ಸೌತೆಕಾಯಿ ಮಾರುವ ಶಂಕ್ರೆವ್ವನ ಕಣ್ಣು ಬಸ್ಸು ಹತ್ತುವವರ ಮೇಲೆ ಓಡಾಡುತ್ತದೆ. ಜನ ತಂದುಕೊಟ್ಟ ರೊಟ್ಟಿ ಗಂಟು, ಕನ್ನಡಕ, ಮಾತ್ರೆಗಳು ಯಾರ ಕೈಯಿಂದ ಯಾರ ಕೈಗೆ ದಾಟಿ ಮನೆ ಸೇರಬೇಕೆಂಬುದು ಆಕೆಗೆ ಆ ಕ್ಷಣವೇ ಹೊಳೆದುಬಿಡುತ್ತದೆ. ಆಕೆಯ ಪ್ರಪಂಚದಲ್ಲಿ ದೂರವನ್ನು ಅಳೆಯುವುದು ಕೈಗಳಿಂದ: ಮುಂಡರಗಿ ಎರಡು ಕೈ, ದುಬೈ ಮೂರು ಕೈ! ಮುಂಡರಗಿಗೆ ಪರೀಕ್ಷೆಗೆ ಹೋದ ಅಡರಕಟ್ಟಿಯ ಹುಡುಗಿ ಮರೆತುಬಿಟ್ಟ ಹಾಲ್ ಟಿಕೆಟ್ಟನ್ನು ಶಂಕ್ರೆವ್ವ, ಬಸ್ಸಿನ ಮುಂದೆ ಕೂತ ಸಾಹೇಬರನ್ನು ಬಿಟ್ಟು ಹಿಂದಿನ ಸೀಟಿನ ಬಳೆಗಾರ್ತಿಗೆ ಕೊಟ್ಟಾಗ, ದಿನಾ ಅಲ್ಲೇ ಬಸ್ಸು ಹಿಡಿಯುವ ನಾನು ಹೌಹಾರಿದ್ದೆ. "ಸುಮ್ನಿರ್ರಿ, ಆ ಸಾಹೇಬಗ ಬಾಜೂ ಮನಿನೂ ಗೊತ್ತಿರಂಗಿಲ್ಲ. ಬಳಿ ಇಡಸಾಕಿಗೆ ಊರ ಬಾಗಲಾ ಎಲ್ಲಾ ತೆರದಿರತಾವ" ಎಂದಳು. ಪರೀಕ್ಷೆಯ ಗಂಟೆಗೆ ಮೊದಲೇ ಟಿಕೆಟ್ಟು ಮುಟ್ಟಿತ್ತು! ಬೆಳ್ಳಟ್ಟಿ, ಯಳವತ್ತಿ, ಬೆಟಗೇರಿಯಂಥ ಸುತ್ತಲಿನ ಊರುಗಳೆಲ್ಲ ಕಾಣದ ನೂಲು ಹಿಡಿದು ಆಕೆಯ ಬುಟ್ಟಿಯ ಸುತ್ತ ಒತ್ತೊತ್ತಿ ಕೂತಿವೆ ಅನ್ನಿಸಿತು. ಇವತ್ತು ಮಾತ್ರ ಒಂದು ಗಂಟು ಬೆಳಗಿನಿಂದ ಬುಟ್ಟಿಯಲ್ಲೇ ಇದೆ: ಕಾಲು ಮುರಿದುಕೊಂಡು ಮಲಗಿದ ಆಕೆಯ ಸ್ವಂತ ತಂಗಿ ಸಾವಿತ್ರೆವ್ವನಿಗೆ, ಮೂಳೆ ಕೂಡಲೆಂದು ಕಟ್ಟಿದ ಅಂಟಿನುಂಡೆ. ತಂಗಿಯ ಮನೆ ಹಿಂದಿನ ಓಣಿಯಲ್ಲೇ; ಅಕ್ಕತಂಗಿಯರು ಮಾತು ಬಿಟ್ಟು ಒಂಬತ್ತು ವರ್ಷ. "ಅಲ್ಲಿಗೆ ಎಷ್ಟ ಕೈ ಬೇಕವ್ವಾ?" ಎಂದೆ. "ಏಳು ಬೇಕ್ರಿ. ಹಾಲಿನಾಕಿ, ಆಕಿ ಸೊಸಿ, ಟೇಲರ್ ನಂದೀಶ…" ಬೆರಳು ಮಡಚುತ್ತಿದ್ದವಳು ನಾಲ್ಕನೆಯದಕ್ಕೆ ನಿಂತು ತನ್ನ ಕೈಯನ್ನೇ ನೋಡಿಕೊಂಡಳು. "ಉಳಿದವ್ರು ಯಾರವ್ವಾ?" ಎಂದು ನಾನು ಕೇಳುವಷ್ಟರಲ್ಲಿ ಬುಟ್ಟಿಯನ್ನು ನನ್ನೆದುರಿಗೇ ಬಿಟ್ಟು, ಗಂಟನ್ನು ಎದೆಗವಚಿಕೊಂಡು ಹಿಂದಿನ ಓಣಿಯತ್ತ ಹೊರಟೇಬಿಟ್ಟಿದ್ದಳು.