ಕಿಟಕಿ ಗಾಜಿನ ಸುಣ್ಣ

ಕಾನ್ವೆಂಟ್ ಮುಗಿಸಿ ಮೈಸೂರಿನಿಂದ ಮಂಡ್ಯಕ್ಕೆ ಮರಳಿದಾಗ ನನಗೆ ಹದಿನೇಳು. ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿತ್ತು. ಸರ್ಕಾರಿ ಬೇಸಾಯದ ವಿ.ಸಿ. ಫಾರಂನಲ್ಲಿ ಕೆಲಸಕ್ಕಿದ್ದ ಅಪ್ಪ, ಮಗಳ ಇಂಗ್ಲಿಷ್ ಹ್ಯಾಂಡ್‌ರೈಟಿಂಗ್ ಮುತ್ತಿನಂತಿದೆ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಅದು ಆಸ್ಪತ್ರೆಯ ಲೇಡಿ ಡಾಕ್ಟರ ಕಿವಿಗೂ ಬಿತ್ತು.

ಮಲೇರಿಯಾದಿಂದ ಮಕ್ಕಳ ವಾರ್ಡು ತುಂಬಿರುತ್ತಿತ್ತು. ಆದರೆ ಕ್ವಿನೈನ್ ಕೋರ್ಸ್ ಮುಗಿಯುವ ಮೊದಲೇ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಹೋಗಿಬಿಡುತ್ತಿದ್ದರು. ಯಾಕೆ? "ಕೇಳಿ ಬರಿಯಮ್ಮ. ಕಾರಣ ತಿಳಿದರೆ ವಾರ್ಡನ್ನೇ ಬದಲಾಯಿಸೋಣ," ಎಂದು ಡಾಕ್ಟರು ನೋಟ್‌ಬುಕ್ ಕೊಟ್ಟರು. ಮೂರೇ ಕಾಲಂ: ಊರು, ವಯಸ್ಸು, ಕಾರಣ.

ಮಧ್ಯಾಹ್ನದ ಒಂದು ತಾಸು ಬಿಟ್ಟರೆ ತಾಯಂದಿರಿಗೆ ಒಳಗೆ ಪ್ರವೇಶವಿರಲಿಲ್ಲ. ವಾರ್ಡಿನ ಕಿಟಕಿಯಾಚೆ, ಹೊಂಗೆ ಮರದಡಿ ಕೂತಿರುತ್ತಿದ್ದರು. ಐದು ವರ್ಷದ ಮಗಳನ್ನು ಸೇರಿಸಿದ್ದ ದುದ್ದದ ಕಡೆಯ ಹೆಂಗಸೊಬ್ಬಳು ನನ್ನನ್ನು ನೋಡಿ ನಕ್ಕಳು.

"ಏನವ್ವ, ನಮ್ಮ ಜಾತ್ಕ ಬರೀತಿದ್ದೀಯಾ?"

"ನಿನ್ನ ಮಗಳು ಯಾಕೆ ಅಷ್ಟು ಅಳುತ್ತಾಳೆ?"

"ನನ್ನೇನ್ ಕೇಳೀಯೆ? ಒಳೀಕೋಗಿ ಅವುಳ್ನೇ ಕೇಳು. ಬಾಯಿಲ್ವಾ ಅವುಳ್ಗೆ?"

ಒಳಗೆ ಹೋದೆ. ಹುಡುಗಿ ಮಂಚದ ಮೇಲೆ ಮುದುರಿ ಕಿಟಕಿಯನ್ನೇ ನೋಡುತ್ತಿದ್ದಳು.

"ನಮ್ಮವ್ವ ಓಗ್ಬುಟ್ಟವ್ಳೆ."

"ಇಲ್ಲ ಪುಟ್ಟಿ, ಹೊರಗೇ ಕೂತಿದ್ದಾಳೆ."

"ಸುಳ್ಳೇಳ್ಬ್ಯಾಡ. ಕಾಣ್ಸಾಕಿಲ್ಲ."

ನಿಜ, ಕಾಣಿಸುತ್ತಿರಲಿಲ್ಲ. ತಾಯಂದಿರನ್ನು ಕಂಡು ಮಕ್ಕಳು ಅತ್ತಾವೆಂದು ನರ್ಸ್‌ಗಳ ಮೇಲಿನವರಾದ ಮೇಟ್ರನ್ ಗಾಜಿಗೆಲ್ಲ ಸುಣ್ಣ ಬಳಿಸಿದ್ದರು. ಆಚೆಗೆ ಹತ್ತೇ ಹೆಜ್ಜೆ ದೂರದಲ್ಲಿ ಅವ್ವ ಇದ್ದಳು.

ಇದನ್ನು ಬರೆಯಬೇಕಿತ್ತು, ನಾನು ಬರೆಯಲಿಲ್ಲ. ಮೇಟ್ರನ್ ಎಂದರೆ ನನಗೆ ನಮ್ಮ ಕಾನ್ವೆಂಟಿನ ನನ್‌ಗಳೆಂದರೆ ಇದ್ದಷ್ಟೇ ಭಯ. ಜೊತೆಗೆ, ಡಾಕ್ಟರ ಎನ್‌ಕ್ವೈರಿಯಲ್ಲಿ ಐದು ವರ್ಷದ ಕೂಸಿನ ಮಾತೇ? ಕಾರಣದ ಕಾಲಂನಲ್ಲಿ, ‘ಇಗ್ನೊರೆಂಟ್ ಮದರ್, ಸ್ಪಾಯಿಲ್ಟ್ ಚೈಲ್ಡ್’ ಎಂದು ಚೆಂದವಾಗಿ ಬರೆದೆ.

ಡಾಕ್ಟರು ಓದಿ, "ಮಕ್ಕಳು ಏನಾದರೂ ಹೇಳಿದವಾ?" ಎಂದರು.

"ನಥಿಂಗ್, ಮೇಡಂ."

ಹಾಗಾದರೆ ತಾಯಂದಿರು ಹತ್ತಿರವಿದ್ದು ಮಕ್ಕಳನ್ನು ಕೆಡಿಸುವುದೇ ತೊಂದರೆ ಎಂದುಕೊಂಡರು, ಪಾಪ. ಮಾರನೆಯ ದಿನದಿಂದ ಮರದಡಿಯೂ ಯಾರೂ ಕೂರುವಂತಿಲ್ಲ. ಗೇಟಿನಾಚೆ, ರಸ್ತೆ ಬದಿಗೆ.

ಆ ಮಧ್ಯಾಹ್ನ ದುದ್ದದ ಕಡೆಯವಳು ಒಳಗೆ ಬಂದವಳೇ ಮಗಳನ್ನು ಸೊಂಟಕ್ಕೇರಿಸಿಕೊಂಡು ಹೊರಟಳು.

"ಇನ್ನೂ ಮೂರು ದಿನದ ಔಷಧಿ ಇದೆ," ಎಂದು ಹಿಂದೆ ಓಡಿದೆ.

"ನೀನ್ ಬರ್ದಿದ್ದುಕ್ಕೇ ತಾನೇ ನಮ್ಮುನ್ನ ಬೀದಿಗಾಕಿದ್ದು? ಬುಡು ದಾರಿಯ."

ಹುಡುಗಿ ಅವ್ವನ ಭುಜದ ಮೇಲಿಂದ ಮರವನ್ನು ತೋರಿಸಿ, "ಅಲ್ಲೇ ಇದ್ಲಂತೆ," ಎಂದಳು. ಅವಳ ಮೈ ಇನ್ನೂ ಜ್ವರದಿಂದ ಕಾದಿತ್ತು.

ಆವತ್ತೇ ಅಳುತ್ತ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಗಾಜಿನ ಸುಣ್ಣ ತೊಳೆಸಿದರು, ತಾಯಂದಿರಿಗೆ ಗೇಟು ತೆರೆಸಿದರು. ಆಮೇಲೆ ಉಳಿದ ಕ್ವಿನೈನ್ ಪೊಟ್ಟಣ ಕಟ್ಟಿ, ತಲುಪಿಸಲು ಜವಾನನನ್ನು ಕರೆದು, ವಾರ್ಡ್ ರಿಜಿಸ್ಟರಿನಲ್ಲಿ ಊರು ಇರದಿದ್ದರಿಂದ ನನ್ನ ನೋಟ್‌ಬುಕ್ ತೆರೆದರು.

‘ನಿಯರ್ ದುದ್ದ.’ ಅಷ್ಟೇ ಬರೆದಿದ್ದೆ. ಜವಾನ ಎರಡು ದಿನ ಆ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿ, ಪೊಟ್ಟಣವನ್ನು ಹಾಗೇ ತಂದು ಮೇಜಿನ ಮೇಲಿಟ್ಟ.